ನಮೂನೆ ಬದಲಿಗೆ ಒಂದು ಪತ್ರ

ಪ್ರಿಯ ಗೆಳೆಯ,

ಅಪ್ಪನ ಕಾರ್ಯ ಎಲ್ಲಾ ಮುಗಿದ ಮೇಲೆ ನೀನು ಕಳಿಸಿದ್ದು ಒಂದೇ ಸಾಲು: "ಅಕ್ಕ, ಚಿಕ್ಕವಳು ಇಬ್ಬರೂ ಸಹಿ ಹಾಕ್ತಾರೆ, ಒಂದು ಹಕ್ಕು ಬಿಡುಗಡೆ ಪತ್ರದ ನಮೂನೆ ಕಳಿಸು." ಆಸ್ತಿಯಲ್ಲಿ ನಮ್ಮ ಪಾಲು ಬಿಟ್ಟುಕೊಟ್ಟೆವು ಅಂತ ಅವರು ಬರೆದುಕೊಡೋ ಆ ಪತ್ರದ ನಮೂನೆ ನನ್ನ ಹತ್ತಿರ ಇದೆ. ಆದರೂ ಕಳಿಸ್ತಿಲ್ಲ. ಅದರ ಬದಲು ಇದನ್ನ ಬರೀತಿದೀನಿ, ಅದೂ ಎಲ್ಲರೂ ಓದೋ ಜಾಗದಲ್ಲಿ. ನಿನ್ನ ಹೆಸರು, ಊರು, ಸರ್ವೆ ನಂಬರು ಯಾವುದೂ ಇಲ್ಲಿ ಬರಲ್ಲ. ಸಕಲೇಶಪುರದಿಂದ ಮೂಡಿಗೆರೆವರೆಗೆ ಇದೇ ನಮೂನೆ ಹುಡುಕ್ತಿರೋ ಅಣ್ಣತಮ್ಮಂದಿರು ಬೇಕಾದಷ್ಟು ಜನ ಇದಾರೆ, ಅವರೂ ಓದಲಿ. ಮೂರನೇ ಬೆಂಚಿನ ಆಣೆ, ಅರ್ಧಕ್ಕೆ ಬಿಡಬೇಡ.

ಮೊದಲು ಲೆಕ್ಕ. ಅಪ್ಪ ಸ್ವಂತ ದುಡಿಮೆಯಲ್ಲಿ ಕೊಂಡ ತೋಟ 6 ಎಕರೆ 20 ಗುಂಟೆ, ವಿಲ್ ಬರೆದಿಟ್ಟಿಲ್ಲ ಅಂದೆ. ಎಕರೆಗೆ 40 ಗುಂಟೆಯಂತೆ ಒಟ್ಟು 260 ಗುಂಟೆ ಆಯ್ತು. ವಾರಸುದಾರರು ನಾಲ್ಕು ಜನ: ಅಮ್ಮ, ನೀನು, ಅಕ್ಕ, ಚಿಕ್ಕವಳು. ಅಜ್ಜಿ ಬದುಕಿದ್ದಿದ್ದರೆ ಐದು. ತಲೆಗೆ 65 ಗುಂಟೆ, ಅಂದರೆ 1 ಎಕರೆ 25 ಗುಂಟೆ. ವಿಲ್ ಇಲ್ಲದೆ ತೀರಿಕೊಂಡವರ ಸ್ವಯಾರ್ಜಿತಕ್ಕೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೇಳೋದು ಇಷ್ಟೇ. ಮದುವೆಗೆ ಎಷ್ಟು ಖರ್ಚಾಯ್ತು, ಎಷ್ಟು ಚಿನ್ನ ಹಾಕಿದ್ರಿ ಅನ್ನೋದಕ್ಕೆ ಈ ಲೆಕ್ಕದಲ್ಲಿ ಜಾಗ ಇಲ್ಲ. "ನಮ್ಮ ಜನದಲ್ಲಿ ಪದ್ಧತಿ ಬೇರೆ" ಅನ್ನೋದಕ್ಕೂ ಇಲ್ಲ. ವೀರಶೈವರು, ಲಿಂಗಾಯತರು, ಜೈನರಿಗೂ ಅದು ಅನ್ವಯ ಅಂತ ಕಾಯ್ದೆಯ ಎರಡನೇ ಕಲಮೇ ಹೆಸರು ಹಿಡಿದು ಹೇಳುತ್ತೆ.

ಇನ್ನು ಅಜ್ಜನ ಕಾಲದ ಗದ್ದೆ. ಅದು ಪಿತ್ರಾರ್ಜಿತವೋ, ಅಜ್ಜನಿಂದ ಅಪ್ಪನಿಗೆ ಬಂದು ಅಪ್ಪನ ಸ್ವಂತದ್ದೇ ಆಯ್ತೋ ಅಂತ ವಕೀಲರು ವಾದ ಮಾಡಬಹುದು, ಅಮ್ಮನ ಪಾಲು ಆ ವಾದದ ಮೇಲೆ ಹೆಚ್ಚುಕಡಿಮೆ ಆಗಬಹುದು. ಯಾವ ದಾರಿಯಲ್ಲಿ ಹೋದರೂ ನಿನಗೂ ನಿನ್ನ ಅಕ್ಕನಿಗೂ ನಡುವೆ ಮಾತ್ರ ಒಂದು ಗುಂಟೆಯ ವ್ಯತ್ಯಾಸವೂ ಬರಲ್ಲ.

"ಅಕ್ಕನ ಮದುವೆ 1992ರಲ್ಲೇ ಆಯ್ತಲ್ಲ, ಅವಳಿಗೆ ಬರಲ್ಲ ಅಂತಾರೆ" ಅಂತಲೂ ಕೇಳಿದ್ದೆ. ಈ ಮಾತು ಎಲ್ಲಿಂದ ಹುಟ್ಟಿತು ಗೊತ್ತಾ? 1933ರಲ್ಲೇ ಮೈಸೂರು ಸಂಸ್ಥಾನ ಹೆಣ್ಣುಮಕ್ಕಳ ಹಕ್ಕಿಗೆ ಅಂತ ಒಂದು ಕಾಯ್ದೆ ತಂದಿತ್ತು. ಹಾಸನ, ಆಗಿನ ಕಡೂರು ಜಿಲ್ಲೆ ಎರಡೂ ಅದರೊಳಗೇ ಇದ್ದವು. ಅದರಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಾಲಿತ್ತು, ಅಣ್ಣತಮ್ಮಂದಿರಿಗಿಂತ ಕಡಿಮೆ. ಆಮೇಲೆ 1994ರ ಜುಲೈ 30ಕ್ಕೆ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂತು. ಪಿತ್ರಾರ್ಜಿತದಲ್ಲಿ ಮಗಳೂ ಹುಟ್ಟಿನಿಂದಲೇ ಪಾಲುದಾರಳು ಅಂದಿತು, ಆದರೆ ಆ ದಿನಕ್ಕೆ ಮುಂಚೆ ಮದುವೆಯಾದವಳನ್ನ ಹೊರಗಿಟ್ಟಿತು. ಊರಿನ ಬಾಯಲ್ಲಿ ಉಳಿದಿರೋದು ಅದೇ. 2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿ ಆ ಮದುವೆಯ ಗೋಡೆ ತೆಗೆದುಹಾಕಿದೆ. ಆ ದಿನ ಅಪ್ಪ ಬದುಕಿರಬೇಕಿತ್ತಾ ಅನ್ನೋ ಜಗಳವನ್ನೂ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮುಗಿಸಿತು, ಬದುಕಿರಬೇಕಿಲ್ಲ ಅಂತ. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ವಿಭಾಗಪತ್ರವೋ ಕೋರ್ಟಿನ ಡಿಕ್ರಿಯೋ ಇದ್ದರೆ ಅದನ್ನ ಕೆದಕೋಕೆ ಬರಲ್ಲ. "ಆಗಲೇ ಬಾಯಿಮಾತಲ್ಲಿ ಪಾಲಾಗಿತ್ತು" ಅಂತ ಈಗ ಹೇಳಿದರೆ ಸಾಮಾನ್ಯವಾಗಿ ನಿಲ್ಲಲ್ಲ, ಸರ್ಕಾರಿ ದಾಖಲೆಗಳೇ ಅದನ್ನ ತೋರಿಸಬೇಕು.

ಈಗ ಮಾಡಬೇಕಾದ ಕೆಲಸ. ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸುವಾಗಲೇ ಮೊದಲ ತಪ್ಪು ಆಗೋದು. ಹೆಣ್ಣುಮಕ್ಕಳ ಹೆಸರನ್ನೇ ಬಿಟ್ಟು ಅಫಿಡವಿಟ್ ಬರೆಸ್ತಾರೆ. ಅದು ಸುಳ್ಳು ಪ್ರಮಾಣ, ಅಪರಾಧ. ನಾಳೆ ಬ್ಯಾಂಕಿನವರು ಸಾಲಕ್ಕೋ, ಕೊಳ್ಳುವವರು ಕ್ರಯಕ್ಕೋ ದಾಖಲೆ ತೆಗೆಸಿದಾಗ ಅಲ್ಲಿಂದಲೇ ಎಲ್ಲ ಬಿಚ್ಚಿಕೊಳ್ಳುತ್ತೆ. ಇಬ್ಬರ ಹೆಸರನ್ನೂ ಹಾಕಿಸು, ಅಪ್ಪನ ಮಗಳು ಅಂತಲೇ ಹಾಕಿಸು. ಕಂದಾಯ ದಾಖಲೆಯಲ್ಲಿ ಗಂಡಸಿಗೆ "ಬಿನ್" ಅಂತ ಅಪ್ಪನ ಹೆಸರು ಸೇರಿಸ್ತಾರೆ, ಮದುವೆಯಾದ ಹೆಣ್ಣು ಕಂಡರೆ "ಕೋಂ" ಅಂತ ಗಂಡನ ಹೆಸರು ಹಚ್ಚಿಬಿಡ್ತಾರೆ. ಅವಳಿಗೆ ಈ ಜಮೀನು ಬರ್ತಿರೋದು ಗಂಡನಿಂದ ಅಲ್ಲವಲ್ಲ. ಆಧಾರ್ ಕಾರ್ಡಿನಲ್ಲಿ ಗಂಡನ ಹೆಸರಿದ್ದು ಶಾಲೆ ದಾಖಲೆಯಲ್ಲಿ ಅಪ್ಪನ ಹೆಸರಿದ್ದರೆ ಇಬ್ಬರೂ ಒಬ್ಬಳೇ ಅಂತ ತೋರಿಸೋ ಒಂದು ಅಫಿಡವಿಟ್ಟನ್ನ ಆಗಲೇ ಇಟ್ಟುಬಿಡು.

ಮರಣ ಪತ್ರ, ವಂಶವೃಕ್ಷ, ಪಹಣಿ ಇಟ್ಟು ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಖಾತೆ ವಾರಸುದಾರರ ಹೆಸರಿಗೆ ಮಾಡಿಸೋದಕ್ಕೆ, ಅರ್ಜಿ ಕೊಡು, ನಾಲ್ಕೂ ಹೆಸರಿಗೆ ಜಂಟಿ ಖಾತೆ ಕೇಳು. ಮ್ಯುಟೇಷನ್ (ದಾಖಲೆಯಲ್ಲಿ ಹೆಸರು ಬದಲಾವಣೆ) ಆಗಿ ಬಂದ ಮೇಲೆ ಪಹಣಿಯ 9ನೇ ಕಾಲಂ ನೋಡು, ನಾಲ್ಕು ಹೆಸರು ಇರಬೇಕು. 11ನೇ ಕಾಲಂನಲ್ಲಿ ಅಪ್ಪನ ಬೆಳೆಸಾಲ ಇನ್ನೂ ಕೂತಿರಬಹುದು, ಅದನ್ನೂ ನೋಡು. ಅಕ್ಕತಂಗಿಯರು ಓದ್ತಿದ್ದರೆ ಅವರಿಗೊಂದು ಮಾತು: ನಿಮ್ಮ ಹೆಸರು ಬಿಟ್ಟು ಖಾತೆ ಆಗಿಹೋಗಿದ್ದರೆ ಹಕ್ಕು ಹೋಯಿತು ಅಂತಲ್ಲ. ಖಾತೆ ಕಂದಾಯಕ್ಕೆ ಮಾತ್ರ, ಮಾಲೀಕತ್ವ ಅದರಿಂದ ಹುಟ್ಟಲ್ಲ, ಅದರಿಂದ ಸಾಯಲ್ಲ. ಮ್ಯುಟೇಷನ್ ಮೇಲೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಬಹುದು. ಹಾಸನ ಜಿಲ್ಲೆಯವರಿಗೆ ಆ ಕಚೇರಿ ಹಾಸನ, ಸಕಲೇಶಪುರದಲ್ಲಿದೆ, ಚಿಕ್ಕಮಗಳೂರು ಜಿಲ್ಲೆಯವರಿಗೆ ಚಿಕ್ಕಮಗಳೂರು, ತರೀಕೆರೆಯಲ್ಲಿ. ಪಾಲಿಗೆ ಮಾತ್ರ ಸಿವಿಲ್ ಕೋರ್ಟಿಗೇ ಹೋಗಬೇಕು. ವಕೀಲರಿಗೆ ದುಡ್ಡಿಲ್ಲ ಅಂದರೆ ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತೆ. ಹೆಂಗಸರಿಗೆ ಅಲ್ಲಿ ಆದಾಯದ ಮಿತಿ ಇಲ್ಲದೆ ಉಚಿತ ವಕೀಲರನ್ನ ಕೊಡ್ತಾರೆ.

ಪಾಲು ಮಾಡೋದೇ ಆದರೆ ಗುಂಟೆ ಮಾತ್ರ ಅಳೆಯಬೇಡ. ನಮ್ಮ ಕಡೆ ಅನ್ಯಾಯ ನಡೆಯೋದು ಸರ್ವೆಯವರ ಸರಪಳಿಗೆ ಸಿಗದ ಜಾಗದಲ್ಲಿ. ತಂಗಿಗೆ ಗುಡ್ಡದ ನೆತ್ತಿಯ 65 ಗುಂಟೆ, ಅಣ್ಣನಿಗೆ ಕೆರೆ ಪಕ್ಕದ 65 ಗುಂಟೆ, ಕಾಗದದಲ್ಲಿ ಸಮ. ರೊಬಸ್ಟಾ ಕಾಫಿಗೆ ಫೆಬ್ರವರಿ, ಮಾರ್ಚಿನಲ್ಲಿ ಮೊಗ್ಗು ಅರಳಿಸೋ ಹೂ ಮಳೆ ಬರದಿದ್ದರೆ ಸ್ಪ್ರಿಂಕ್ಲರಲ್ಲಿ ಒಂದರಿಂದ ಒಂದೂವರೆ ಇಂಚು ನೀರು ಕೊಡಲೇಬೇಕು, ಎರಡು ಮೂರು ವಾರದೊಳಗೆ ಬ್ಯಾಕಿಂಗಿಗೆ, ಅಂದರೆ ಅರಳಿದ ಹೂ ಕಾಯಿ ಕಚ್ಚೋದಕ್ಕೆ, ಮತ್ತೊಮ್ಮೆ. ಆ ಹೊತ್ತಲ್ಲಿ ಕೆರೆ, ಮೋಟಾರು, ಪೈಪು ಎಲ್ಲಾ ನಿನ್ನ ಬೇಲಿಯೊಳಗಿದ್ದರೆ ಅವಳ ಮೊಗ್ಗು ಗಿಡದಲ್ಲೇ ಒಣಗುತ್ತೆ. ಎರಡು ವರ್ಷ ಹಾಗಾದರೆ ಅವಳೇ ಬಂದು "ನೀನೇ ಇಟ್ಕೊಳೋ" ಅಂತಾಳೆ. ಅದಕ್ಕೇ ವಿಭಾಗಪತ್ರದಲ್ಲಿ ಬರೆಸು: ಕೆರೆ ನೀರು ಎಲ್ಲರಿಗೂ, ಮೋಟಾರು ಯಾರಿಗೆ ಯಾವ ದಿನ, ಪೈಪು ಯಾರ ಜಾಗದ ಮೇಲೆ ಹೋಗುತ್ತೆ, ಜೀಪು ಹೋಗೋ ದಾರಿ ಎಷ್ಟು ಅಡಿ ಅಗಲ, ಕಣ ಯಾರಿಗೆ ಎಷ್ಟು ದಿನ, ಗಡಿಯ ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸು ಕೊಯ್ಯೋರು ಯಾರು. ಒಂದೇ ಸರ್ವೆ ನಂಬರನ್ನ ಒಡೆಯುವಾಗ ಸರ್ವೆಯವರು ಅಳೆದು ಕೊಡೋ 11ಇ ನಕ್ಷೆ ಬೇಕು, ಅದಕ್ಕೆ ಅರ್ಜಿ ಮೊದಲೇ ಹಾಕಿಡು.

ಇಷ್ಟಾದ ಮೇಲೂ ಅವರಿಗೆ ನಿಜವಾಗಿಯೂ ಬಿಟ್ಟುಕೊಡೋ ಮನಸ್ಸಿದ್ದರೆ ಆಗ ಬಿಡುಗಡೆ ಪತ್ರ. ಜಂಟಿ ಖಾತೆ ಆದ ಮೇಲೆ ಮಾತ್ರ. ತನ್ನ ಹೆಸರಿರೋ ಪಹಣಿಯನ್ನ ಅವಳು ಒಮ್ಮೆಯಾದರೂ ಕೈಯಲ್ಲಿ ಹಿಡಿದು ನೋಡಲಿ. ಕರಡು ಒಂದು ವಾರ ಮೊದಲೇ ಅವಳ ಮನೆ ಸೇರಲಿ, ಅವಳ ಕಡೆಯ ವಕೀಲರೇ ಓದಲಿ. ಷೆಡ್ಯೂಲಿನಲ್ಲಿ, ಅಂದರೆ ಪತ್ರದ ಆಸ್ತಿ ಪಟ್ಟಿಯಲ್ಲಿ, ಒಂದೊಂದು ಸರ್ವೆ ನಂಬರೂ, ಚಕ್ಕುಬಂದಿಯೂ (ನಾಲ್ಕು ದಿಕ್ಕಿನ ಗಡಿ) ಬರಲಿ. "ಹಾಗೂ ಇತರೆ ಸಮಸ್ತ ಸ್ಥಿರ ಚರ ಸ್ವತ್ತು" ಅನ್ನೋ ಬಾಲ ಕಂಡರೆ ಕತ್ತರಿಸು, ಎಷ್ಟೋ ಮನೆಗಳಲ್ಲಿ ಹಾಸನದ ಸೈಟು ಹೋಗಿರೋದು ಆ ಬಾಲದಲ್ಲೇ. ದುಡ್ಡು ಕೊಡ್ತೀಯ ಅಂದರೆ ಖಾತೆಗೇ ಹಾಕು, ಆ ಮೊತ್ತ ಪತ್ರದಲ್ಲಿ ಬರಲಿ. ನೋಟರಿ ಮುಂದೆ ಬರೆಸಿದ ಒಪ್ಪಿಗೆ ಪತ್ರ ಸಾಲದು, ಸ್ಥಿರ ಸ್ವತ್ತಿನ ಹಕ್ಕು ಬಿಡೋದಕ್ಕೆ ನೋಂದಣಿ ಆಗಲೇಬೇಕು. ಮೋಸವೋ ಒತ್ತಡವೋ ಆಗಿದ್ದರೆ ಪತ್ರ ರದ್ದು ಮಾಡಿಸೋಕೆ ಇರೋ ಗಡುವು ಅದು ಗೊತ್ತಾದ ದಿನದಿಂದ ಮೂರು ವರ್ಷ.

ಇಲ್ಲಿಗೆ ನಿಲ್ಲಿಸಬೇಕು ಅಂತಿದ್ದೆ. ಆದರೆ ನಮೂನೆಯಲ್ಲಿ ಒಂದು ಸಾಲಿದೆ, ಕೆಲವು ದಿನಗಳಿಂದ ಅದು ನನ್ನನ್ನ ಬಿಡ್ತಿಲ್ಲ. "ಯಾರ ಒತ್ತಾಯ, ಪ್ರೇರಣೆಗೂ ಒಳಗಾಗದೆ, ಸ್ವಸ್ಥಚಿತ್ತಳಾಗಿ, ಸ್ವಇಚ್ಛೆಯಿಂದ." ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಫೋಟೋ ತೆಗೀತಾರೆ, ಹೆಬ್ಬೆಟ್ಟು ತಗೋತಾರೆ, ಒಪ್ಪಿಗೆನಾ ಅಂತ ಕೇಳ್ತಾರೆ. ಒಪ್ಪಿಗೆ ಅಂತ ಅವಳು ಹೇಳ್ತಾಳೆ, ಸುಳ್ಳೂ ಹೇಳ್ತಿಲ್ಲ. ಮರ್ಯಾದಸ್ಥರ ಮನೆ ಹೆಣ್ಣು ಪಾಲು ಕೇಳಲ್ಲ ಅಂತ ಲಂಗ ಹಾಕೋ ವಯಸ್ಸಿನಿಂದ ಕೇಳಿಕೊಂಡು ಬಂದವಳನ್ನ ಒತ್ತಾಯ ಮಾಡೋಕೆ ಬೇರೆ ಯಾರಾದರೂ ಬರಬೇಕಾ? ಗೌರಿ ಹಬ್ಬಕ್ಕೆ ತವರಿನಿಂದ ಮೊರದ ಬಾಗಿನ ಬರುತ್ತೆ. ಕೇಳಿದರೆ ಅದು ನಿಲ್ಲುತ್ತೆ, ಬಾಣಂತನಕ್ಕೆ ಬಂದ ಮಗಳಿಗೆ ಅದೇ ಮನೆ ಬಾಗಿಲು ಅರ್ಧ ಮುಚ್ಚುತ್ತೆ, ಗಂಡನ ಮನೆಯವರೇ ಕಿತಾಪತಿ ಮಾಡಿಸಿದರು ಅಂತ ಊರು ಆಡುತ್ತೆ. ಪಾಲು ಬಿಡೋದು ತವರನ್ನ ಉಳಿಸಿಕೊಳ್ಳೋಕೆ ಕಟ್ಟೋ ಕಂದಾಯ ಆಗಿದೆ. ಗಂಡುಮಗ ಮಾತ್ರ ಅದನ್ನ ಕಟ್ಟದೆ ತವರಲ್ಲಿರ್ತಾನೆ.

ಆ ಸಾಲನ್ನ ನಾನೂ ಎಷ್ಟೋ ಜನಕ್ಕೆ ಬರೆದುಕೊಟ್ಟಿದೀನಿ ಕಣೋ. ಬರೆದುಕೊಟ್ಟಿದ್ದಷ್ಟೇ ಅಲ್ಲ. ಅಂಥದ್ದೊಂದು ಪತ್ರದ ಕೆಳಗೆ ನನ್ನ ಹೆಬ್ಬೆಟ್ಟೂ ಇದೆ. ಈ ಕಲಮುಗಳೆಲ್ಲ ಬಾಯಿಪಾಠ ಇದ್ದಾಗಲೇ ಒತ್ತಿದ್ದು. ಯಾರೂ ಬಲವಂತ ಮಾಡಲಿಲ್ಲ. ನಿನಗೆ ಬೇಕಾ ಅಂತ ಯಾರೂ ಕೇಳಲೂ ಇಲ್ಲ.

ಇದನ್ನ ಇಲ್ಲಿ ಬರೆಯೋ ಯೋಚನೆ ಇರಲಿಲ್ಲ. ಬಿಡು.

ಮಳೆ ನಿಂತಿತಾ ನಿಮ್ಮ ಕಡೆ? ಕಾಳುಮೆಣಸಿನ ಕೊತ್ತು ಈ ಸಲ ಚೆನ್ನಾಗಿ ಕಚ್ಚಿದೆ ಅಂತ ಚಿಕ್ಕವಳು ಫೋಟೋ ಹಾಕಿದ್ದಳು, ನೋಡಿ ಖುಷಿಯಾಯ್ತು. ಅಮ್ಮನಿಗೆ ಹೇಳು, ಹಲಸಿನ ಹಣ್ಣಿನ ಆ ವಿಷಯ ನಾನಿನ್ನೂ ಮರೆತಿಲ್ಲ, ಬಾಳ್ಳುಪೇಟೆ ಬಸ್ಸಿನ ಕಂಡಕ್ಟರೂ ಮರೆತಿರಲ್ಲ. ಮುಂದಿನ ವಾರ ಬರ್ತೀನಿ, ಅಕ್ಕನನ್ನೂ ಕರೆಸು. ಪಹಣಿಗಳ ಮೂರು ಜೊತೆ ನಕಲು ತೆಗೆಸಿಡು: ನಿನಗೊಂದು, ಅವರಿಬ್ಬರಿಗೆ ಒಂದೊಂದು. ಅಮ್ಮನಿಗೆ ನಾನೇ ಓದಿ ಹೇಳ್ತೀನಿ.

ನಿನ್ನ,
ಮೂರನೇ ಬೆಂಚು, ಕಿಟಕಿ ಪಕ್ಕ