ಒಂಬತ್ತನೇ ತರಗತಿಯ ಗೆಲಾಕ್ಸಿ ಚಿತ್ರಗಳ ಬಗ್ಗೆ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಕಳೆದ ಪೋಷಕರ ಸಭೆಯಲ್ಲಿ ಮಾತು ಸ್ವಲ್ಪ ಬಿಸಿಯಾಯಿತು. ಎಸ್‌ಡಿಎಂಸಿ ಅಧ್ಯಕ್ಷರು ಎದ್ದು ನಿಂತು ಎಲ್ಲರನ್ನೂ ಸಮಾಧಾನ ಮಾಡಿದ್ದರಿಂದ ಅಂದು ಅಲ್ಲಿಗೆ ಮುಗಿಯಿತು. ಆದರೆ ನೀವು ಕೇಳಿದ ಪ್ರಶ್ನೆಗಳು ಹಾಗೇ ಉಳಿದಿವೆ, ಸಭೆಗೆ ಬರಲಾಗದವರಿಗೆ ವಿಷಯ ಅರ್ಧಂಬರ್ಧ ತಲುಪಿದೆ. ಅದಕ್ಕೇ ಕೂತು ಈ ಪತ್ರ ಬರೆಯುತ್ತಿದ್ದೇನೆ. ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ನಡೆದದ್ದು ಇಷ್ಟು. ಒಂಬತ್ತನೇ ತರಗತಿಯ ಮಕ್ಕಳು ಶನಿವಾರದ ಕೊನೆಯ ಅವಧಿಯಲ್ಲಿ ಕಂಪ್ಯೂಟರ್ ಕೊಠಡಿಯಲ್ಲಿ ‘ಸ್ಪೇಸ್ ವಾರ್ಪ್ಸ್’ ಎಂಬ, ಸಾಮಾನ್ಯ ಜನರೂ ಇಂಟರ್ನೆಟ್‌ನಲ್ಲಿ ವಿಜ್ಞಾನಿಗಳಿಗೆ ನೆರವಾಗುವ ಯೋಜನೆಯ ಚಿತ್ರಗಳನ್ನು ನೋಡುತ್ತಾರೆ. ದೊಡ್ಡ ದೂರದರ್ಶಕಗಳು ತೆಗೆದ ಗೆಲಾಕ್ಸಿಗಳ ಚಿತ್ರಗಳು ಅವು. ಗುರುತ್ವ ಮಸೂರ, ಅಂದರೆ ತನ್ನ ಹಿಂದಿನ ಗೆಲಾಕ್ಸಿಯ ಬೆಳಕನ್ನು ಮಸೂರದಂತೆ ಬಾಗಿಸುವ ಗೆಲಾಕ್ಸಿ, ಇರಬಹುದು ಅನಿಸಿದರೆ ಆ ಜಾಗಕ್ಕೆ ಗುರುತು ಹಾಕುವುದು, ಇಲ್ಲದಿದ್ದರೆ ಮುಂದಿನ ಚಿತ್ರಕ್ಕೆ ಹೋಗುವುದು, ಇಷ್ಟೇ ಕೆಲಸ. ನಮ್ಮ ವಿದ್ಯಾರ್ಥಿಯೊಬ್ಬ ಕಿತ್ತಳೆ ಬಣ್ಣದ ಗೆಲಾಕ್ಸಿಯ ಪಕ್ಕದಲ್ಲಿ ಬಿಲ್ಲಿನಂತೆ ಬಾಗಿದ ನೀಲಿ ಗೆರೆಯೊಂದನ್ನು, ಅಂದರೆ ಕಂಸವನ್ನು, ಗುರುತಿಸಿದ. ಪರದೆಯ ಮೇಲೆ ಅಭಿನಂದನೆ ಬಂತು. ಹುಡುಗ ಖುಷಿಯಿಂದ ಅದರ ಪ್ರಿಂಟ್ ಮನೆಗೆ ಒಯ್ದ. ಪ್ರಿಂಟ್‌ನ ಫೋಟೊ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹೋಯಿತು, ಅಲ್ಲಿಂದ ಒಂದು ಪತ್ರಿಕೆಗೂ ಹೋಯಿತು. ಹೊಸ ಗೆಲಾಕ್ಸಿ ಕಂಡುಹಿಡಿದ ಬಾಲಕ ಎಂದು ಸುದ್ದಿಯಾಯಿತು. ಆಮೇಲೆ ಗೊತ್ತಾದದ್ದೇನೆಂದರೆ, ಅದು ಯೋಜನೆಯವರೇ ಮಕ್ಕಳ ಕಣ್ಣು ಪಳಗಲಿ ಎಂದು ಸೇರಿಸಿದ್ದ ಅಭ್ಯಾಸದ ಚಿತ್ರ. ಅಭಿನಂದನೆಯ ಜೊತೆಯಲ್ಲೇ ಆ ಮಾತೂ ಇಂಗ್ಲಿಷಿನಲ್ಲಿ ಇತ್ತು.

ಹುಡುಗನ ಮನೆಯವರಿಗೆ ಆದ ನೋವು ನನಗೆ ಅರ್ಥವಾಗುತ್ತದೆ. ನಾಲ್ಕು ಜನರ ಮುಂದೆ ಹೆಮ್ಮೆಪಟ್ಟ ವಿಷಯ ಕೈಜಾರಿದರೆ ಯಾರಿಗಾದರೂ ಬೇಸರವೇ. ಆದರೆ ಒಂದು ಮಾತು ಎಲ್ಲರೂ ತಿಳಿಯಬೇಕು. ಆ ಹುಡುಗ ಯಾವ ತಪ್ಪನ್ನೂ ಮಾಡಿಲ್ಲ. ಅವನು ನೋಡಬೇಕಾದದ್ದನ್ನು ಸರಿಯಾಗಿ ನೋಡಿದ, ಹಾಕಬೇಕಾದ ಕಡೆಯೇ ಗುರುತು ಹಾಕಿದ. ಶಾಲೆಯ ಆವರಣದಲ್ಲಿ ಈ ವಿಷಯಕ್ಕೆ ಅವನನ್ನು ಯಾರೂ ಚುಡಾಯಿಸಕೂಡದು ಎಂದು ಎಲ್ಲ ತರಗತಿಗಳಿಗೂ ಹೇಳಿದ್ದೇನೆ. ನೀವೂ ಮನೆಯಲ್ಲಿ ಹೇಳಿ.

ಈಗ ದೂರುಗಳಿಗೆ ಬರುತ್ತೇನೆ. ಪಾಠ ಹಿಂದೆ ಬೀಳುತ್ತದೆ ಎಂಬುದಕ್ಕೆ ಹೆಚ್ಚು ಹೇಳುವುದಿಲ್ಲ. ಆ ಅವಧಿ ಮೊದಲಿನಿಂದಲೂ ಕಂಪ್ಯೂಟರ್‌ಗೇ ಮೀಸಲು. ಹತ್ತನೇ ತರಗತಿಯವರು ಇದರಲ್ಲಿ ಇಲ್ಲ, ಎಸ್‌ಎಸ್‌ಎಲ್‌ಸಿ ತಯಾರಿಗೆ ಇದರಿಂದ ಒಂದು ನಿಮಿಷವೂ ಕಡಿಮೆಯಾಗಿಲ್ಲ. ಮಕ್ಕಳ ಹೆಸರು, ಫೋಟೊ, ಫೋನ್ ನಂಬರ್ ಯಾವುದನ್ನೂ ಅಲ್ಲಿ ಕೊಟ್ಟಿಲ್ಲ.

“ನಕಲಿ ಚಿತ್ರ ತೋರಿಸಿ ಮಕ್ಕಳಿಗೆ ಮೋಸ ಮಾಡುತ್ತೀರಾ?” ಎಂಬ ಮಾತು ಬಂತು. ಇದಕ್ಕೆ ಉತ್ತರ ಕೊಡಲೇಬೇಕು. ಕೊಡಬೇಕಾದರೆ ಮಕ್ಕಳು ಹುಡುಕುವುದು ಏನನ್ನು ಎಂಬುದನ್ನು ಮೊದಲು ಹೇಳಬೇಕು.

ಗಾಜಿನ ಮಸೂರದಲ್ಲಿ ಬೆಳಕು ಬಾಗುವುದನ್ನು ನೀವೆಲ್ಲ ಶಾಲೆಯಲ್ಲಿ ಓದಿದ್ದೀರಿ. ಭಾರಿ ದ್ರವ್ಯರಾಶಿಯ ಪಕ್ಕದಲ್ಲಿ ಹಾದುಬರುವ ಬೆಳಕೂ ಬಾಗುತ್ತದೆ. ಸೂರ್ಯನ ಅಂಚು ಸವರಿ ಬರುವ ನಕ್ಷತ್ರದ ಬೆಳಕು ಎಷ್ಟು ಬಾಗಬೇಕು ಎಂದು ಐನ್‌ಸ್ಟೈನ್ ಲೆಕ್ಕ ಹಾಕಿದ್ದರು. 1919ರ ಮೇ 29ರ ಪೂರ್ಣ ಸೂರ್ಯಗ್ರಹಣದಲ್ಲಿ ಖಗೋಳ ವಿಜ್ಞಾನಿ ಎಡಿಂಗ್ಟನ್ ಮತ್ತು ಅವರ ಸಂಗಡಿಗರು ಅದನ್ನು ಅಳೆದರು. ಸೂರ್ಯನ ಬದಲು ಇಡೀ ಗೆಲಾಕ್ಸಿಯೇ ನಡುವೆ ನಿಂತರೆ, ಅದರ ಹಿಂದೆ ಬಹುದೂರದಲ್ಲಿರುವ ಇನ್ನೊಂದು ಗೆಲಾಕ್ಸಿಯ ಬೆಳಕು ಅದನ್ನು ಬಳಸಿಕೊಂಡು ನಮ್ಮ ಕಡೆ ಬರುತ್ತದೆ. ಆಗ ಹಿಂದಿನ ಒಂದೇ ಗೆಲಾಕ್ಸಿ ನಮಗೆ ಎರಡಾಗಿಯೋ ನಾಲ್ಕಾಗಿಯೋ, ಎಳೆದಂತಿರುವ ಕಂಸವಾಗಿಯೋ ಕಾಣುತ್ತದೆ. ಎರಡೂ ಒಂದೇ ನೇರಕ್ಕೆ ಬಿದ್ದರೆ ಪೂರ್ತಿ ಉಂಗುರ. ಗೆಲಾಕ್ಸಿಗಳು ಹೀಗೆ ಮಸೂರದಂತೆ ಕೆಲಸ ಮಾಡುತ್ತವೆ, ಹುಡುಕಿದರೆ ಸಿಗುತ್ತವೆ ಎಂದು 1937ರಲ್ಲಿ ಖಗೋಳ ವಿಜ್ಞಾನಿ ಫ್ರಿಟ್ಜ್ ಝ್ವಿಕಿ ಬರೆದರು. ಮೊದಲನೆಯದು ಸಿಕ್ಕಿದ್ದು 1979ರಲ್ಲಿ. ಆಕಾಶದಲ್ಲಿ ಜೋಡಿಯಾಗಿ ಕಾಣುತ್ತಿದ್ದ ಎರಡು ಕ್ವೇಸಾರ್‌ಗಳು (ಬಹುದೂರದ ಗೆಲಾಕ್ಸಿಗಳ ಅತಿ ಪ್ರಕಾಶದ ನಡುಭಾಗಗಳು) ಒಂದೇ ಕ್ವೇಸಾರ್‌ನ ಎರಡು ಬಿಂಬಗಳೆಂದು ಆಗ ಗೊತ್ತಾಯಿತು. ಇಂಥ ಮಸೂರಗಳಿಂದ ಗೆಲಾಕ್ಸಿಯೊಂದನ್ನು ಅದರೊಳಗಿನ ಕಣ್ಣಿಗೆ ಕಾಣದ ದ್ರವ್ಯವನ್ನೂ ಸೇರಿಸಿ ತೂಗಬಹುದು. ಬೇರೆ ರೀತಿಯಲ್ಲಿ ಕಾಣಲಾರದಷ್ಟು ಮಸುಕಾದ ದೂರದ ಗೆಲಾಕ್ಸಿಗಳನ್ನು ಹಿಗ್ಗಿಸಿ ನೋಡಬಹುದು. ವಿಜ್ಞಾನಿಗಳು ಇವುಗಳ ಹಿಂದೆ ಬಿದ್ದಿರುವುದು ಇದಕ್ಕೇ.

ತೊಂದರೆ ಎಂದರೆ ಇವು ಬಹಳ ಅಪರೂಪ, ಇವನ್ನೇ ಹೋಲುವ ಬೇರೆ ವಸ್ತುಗಳು ಬೇಕಾದಷ್ಟು. ಸುರುಳಿ ಗೆಲಾಕ್ಸಿಯ ತೋಳು ಕಂಸದಂತೆಯೇ ಕಾಣುತ್ತದೆ. ತಾವೇ ಉಂಗುರದ ಆಕಾರದಲ್ಲಿರುವ ಗೆಲಾಕ್ಸಿಗಳಿವೆ. ಒಂದಕ್ಕೊಂದು ಢಿಕ್ಕಿಯಾಗಿ ಬಾಲ ಚಾಚಿದ ಗೆಲಾಕ್ಸಿಗಳಿವೆ. ಹೊಳೆಯುವ ನಕ್ಷತ್ರದ ಸುತ್ತ ಕ್ಯಾಮೆರಾದಿಂದಲೇ ಮೂಡುವ ಗೆರೆಗಳಿರುತ್ತವೆ. ಸಾಮಾನ್ಯವಾಗಿ ನಡುವೆ ಹಳದಿ ಅಥವಾ ಕೆಂಪು ಛಾಯೆಯ ಗುಂಡನೆಯ ಗೆಲಾಕ್ಸಿ, ಅದರಿಂದ ಸ್ವಲ್ಪ ದೂರ ಬಿಟ್ಟು ನೀಲಿ ಕಂಸ, ಕಂಸದ ಹೊಟ್ಟೆ ಹೊರಕ್ಕೆ, ಸಾಧ್ಯವಿದ್ದರೆ ಎದುರು ಬದಿಯಲ್ಲಿ ಅದರ ಜೋಡಿ ಬಿಂಬ. ಇಷ್ಟನ್ನೂ ನೋಡಿದ ಮೇಲೆಯೇ ಗುರುತು ಹಾಕಬೇಕು ಎಂದು ನಮ್ಮ ವಿಜ್ಞಾನ ಶಿಕ್ಷಕರು ಹೇಳಿಕೊಟ್ಟಿದ್ದಾರೆ.

ಇಷ್ಟು ಅಪರೂಪದ ವಸ್ತುವನ್ನು ಮಗುವೊಂದು ಒಮ್ಮೆಯೂ ನೋಡದೆ ಗುರುತಿಸುವುದು ಹೇಗೆ? ಆ ಕಾರಣಕ್ಕೆ ನಿಜವಾದ ಚಿತ್ರಗಳ ನಡುನಡುವೆ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ ಮಾಡಿದ ಮಸೂರಗಳನ್ನು ಸೇರಿಸುತ್ತಾರೆ. ಮಸೂರ ಇಲ್ಲವೇ ಇಲ್ಲ ಎಂದು ಗೊತ್ತಿರುವ ನಿಜ ಚಿತ್ರಗಳನ್ನೂ ಸೇರಿಸುತ್ತಾರೆ. ಉತ್ತರ ಸರಿಯೋ ತಪ್ಪೋ ಎಂದು ಅಲ್ಲೇ, ಆ ಕ್ಷಣವೇ ಹೇಳುತ್ತಾರೆ. ಮುಚ್ಚುಮರೆ ಏನೂ ಇಲ್ಲ, ಇಂಥ ಚಿತ್ರಗಳು ಬರುತ್ತವೆ ಎಂದು ಮೊದಲ ದಿನವೇ ತಿಳಿಸುತ್ತಾರೆ. ಅಷ್ಟೇ ಅಲ್ಲ, ಈ ಅಭ್ಯಾಸದ ಚಿತ್ರಗಳಲ್ಲಿ ಯಾರು ಎಷ್ಟು ಸರಿ ಹೇಳಿದರು ಎಂಬುದರ ಮೇಲೆ ಅವರವರ ಮಾತಿಗೆ ತೂಕ ನಿಗದಿಯಾಗುತ್ತದೆ. ಅನೇಕರು ನೋಡಿ ಹೇಳಿದ್ದನ್ನು ಆ ತೂಕದೊಂದಿಗೆ ಕೂಡಿಸಿ ಒಂದು ಚಿತ್ರದಲ್ಲಿ ಮಸೂರ ಇರುವ ಸಂಭವ ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ನಮ್ಮ ಹುಡುಗ ಅಂದು ಪಾಸಾದದ್ದು ಇಂಥ ಒಂದು ಪರೀಕ್ಷೆಯಲ್ಲಿ. ನಮ್ಮ ಪೂರ್ವಸಿದ್ಧತಾ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಯಾರೂ ನಕಲಿ ಎನ್ನುವುದಿಲ್ಲ. ಇದನ್ನೂ ದಯವಿಟ್ಟು ಹಾಗೆ ಕರೆಯಬೇಡಿ.

ಇನ್ನು, ಸಭೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಕೇಳಿಬಂದ ಮಾತು: ಇಷ್ಟು ದಿನ ನೋಡಿದರೂ ನಮ್ಮ ಮಕ್ಕಳಿಗೆ ಏನೂ ಸಿಕ್ಕಿಲ್ಲವಲ್ಲ, ಸಿಗದ ಕೆಲಸಕ್ಕೆ ಯಾಕೆ ಕೂರಿಸುತ್ತೀರಿ?

ಸಿಕ್ಕಿಲ್ಲ ನಿಜ. ಬಹುಶಃ ಈ ವರ್ಷ ಪೂರ್ತಿ ಸಿಗದೇ ಇರಬಹುದು. ಮುಂದಿನ ವರ್ಷವೂ ಸಿಗದಿರಬಹುದು. ಇದನ್ನು ನಾನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಕೆಲಸದ ಸ್ವಭಾವವೇ ಅದು. 2013ರಲ್ಲಿ ಸ್ಪೇಸ್ ವಾರ್ಪ್ಸ್ ಶುರುವಾದಾಗ ಹವಾಯಿಯ ದೂರದರ್ಶಕವೊಂದು ತೆಗೆದ ಆಕಾಶವನ್ನು ಸುಮಾರು 4,30,000 ಚಿತ್ರತುಣುಕುಗಳಾಗಿ ಮಾಡಿದ್ದರು. ಸುಮಾರು 37,000 ಜನ ಸ್ವಯಂಸೇವಕರು ಎಂಟು ತಿಂಗಳಲ್ಲಿ 1.1 ಕೋಟಿ ಸಲ ಅವುಗಳನ್ನು ನೋಡಿ ಉತ್ತರ ಕೊಟ್ಟರು. ಮೊದಲ ಸುತ್ತಿನಲ್ಲಿ ಉಳಿದದ್ದು 3,381 ಚಿತ್ರ. ಇನ್ನೂ ಸೋಸಿ, ತಜ್ಞರು ನೋಡಿ, ಕೊನೆಗೆ ಮಸೂರ ಇರಬಹುದು ಎಂದು ಹೊಸದಾಗಿ ಸಿಕ್ಕವು ಒಟ್ಟು 59. ಅವುಗಳಲ್ಲೂ ಭರವಸೆಯವು ಎಂದು ಹೇಳಿದ್ದು 29 ಮಾತ್ರ. ಈ ಹುಡುಕಾಟದ ಮುಂದಾಳುಗಳಲ್ಲಿ ಒಬ್ಬರಾದ ಅನುಪ್ರೀತಾ ಮೋರೆ ಈಗ ಪುಣೆಯ ಖಗೋಳ ವಿಜ್ಞಾನ ಸಂಸ್ಥೆ ಐಯುಕಾದಲ್ಲಿದ್ದಾರೆ ಎಂಬುದನ್ನು, ನಮ್ಮ ಮಕ್ಕಳಿಂದ ವಿದೇಶದವರಿಗೆ ಬಿಟ್ಟಿ ದುಡಿಮೆ ಮಾಡಿಸುತ್ತಿದ್ದೀರಿ ಎಂದವರು ಗಮನಿಸಬೇಕು. ಫಲಿತಾಂಶವನ್ನು ಎಲ್ಲರಿಗೂ ತೆರೆದು ಪ್ರಕಟಿಸಿದ್ದಾರೆ.

ಹಾಗಾದರೆ ಉಳಿದ ಲಕ್ಷಾಂತರ ಚಿತ್ರಗಳನ್ನು ನೋಡಿದವರ ಶ್ರಮ ಹಾಳಾಯಿತೇ? ಆಗಲಿಲ್ಲ. ಈ ಚಿತ್ರದಲ್ಲಿ ಇಲ್ಲ ಎಂದು ಯಾರಾದರೂ ನೋಡಿ ಹೇಳಿದ್ದರಿಂದಲೇ ಅದನ್ನು ಪಕ್ಕಕ್ಕಿಡಲು ಸಾಧ್ಯವಾಯಿತು. ಅಕ್ಕಿಯಲ್ಲಿ ಕಲ್ಲು ಆರಿಸಲು ಕೂತ ಅಮ್ಮನಿಗೆ ಮೊರದ ತುಂಬ ನೋಡಿದರೂ ಒಂದು ಕಲ್ಲೂ ಸಿಗದಿದ್ದರೆ, ಅವಳ ಸಮಯ ದಂಡವಾಯಿತು ಎಂದು ನಾವು ಹೇಳುವುದಿಲ್ಲ. ಇಲ್ಲ ಎಂಬುದೂ ಉತ್ತರ. ನೋಡಿ ಹೇಳಿದ ಇಲ್ಲ, ಪೂರ್ಣ ಅಂಕದ ಉತ್ತರ.

ಇದನ್ನೇ ಮತ್ತೆ ಮತ್ತೆ ಹೇಳುತ್ತಿದ್ದೇನೆ ಎಂದು ಅನಿಸಬಹುದು. ಹೇಳಲು ಕಾರಣವಿದೆ. ಪತ್ರಿಕೆಯಲ್ಲಿ ಆ ಸುದ್ದಿ ಬಂದ ಮೇಲೆ ತರಗತಿಯ ಒಬ್ಬ ಹುಡುಗಿ ಸಿಕ್ಕ ಸಿಕ್ಕ ಚಿತ್ರಕ್ಕೆಲ್ಲ ಗುರುತು ಹಾಕತೊಡಗಿದಳು. ಸುರುಳಿ ಗೆಲಾಕ್ಸಿಗೂ ಹಾಕಿದಳು, ಬರಿ ನಕ್ಷತ್ರಕ್ಕೂ ಹಾಕಿದಳು. ಅದುವರೆಗೆ ಅವಳಷ್ಟು ನಿಧಾನವಾಗಿ, ಎಚ್ಚರದಿಂದ ನೋಡುವವರು ತರಗತಿಯಲ್ಲಿ ಇರಲಿಲ್ಲ. ಮಸೂರವಿಲ್ಲದ ಅಭ್ಯಾಸದ ಚಿತ್ರಗಳು ಒಂದರ ಮೇಲೊಂದು ತಪ್ಪು ತೋರಿಸಿದಾಗ ಶಿಕ್ಷಕರು ಪಕ್ಕದಲ್ಲಿ ಕೂತು ಕೇಳಿದರು. “ಮನೇಲಿ ದಿನಾ ಕೇಳ್ತಾರೆ ಮಿಸ್, ನಿನಗೆ ಯಾಕೆ ಸಿಕ್ಕಿಲ್ಲ ಅಂತ” ಎಂದು ಅತ್ತಳು. ಆ ಮನೆಯವರ ಮೇಲೆ ನನಗೆ ಕೋಪವಿಲ್ಲ. ಮಗಳ ಮೇಲಿನ ಪ್ರೀತಿಯಿಂದಲೇ ಕೇಳಿರುತ್ತಾರೆ, ನಾನೂ ತಾಯಿ, ನನಗೆ ಗೊತ್ತು. ಆದರೆ ಕಂಡದ್ದನ್ನು ಕಂಡಂತೆ ಹೇಳುತ್ತಿದ್ದ ಮಗು ಮನೆಯವರನ್ನು ಮೆಚ್ಚಿಸಲು ಕಾಣದ್ದನ್ನು ಕಂಡೆ ಎನ್ನುವಂತಾದರೆ, ಮುಖ್ಯೋಪಾಧ್ಯಾಯಿನಿಯಾಗಿ ನಾನು ಸುಮ್ಮನಿರಲಾರೆ. ಆ ಅಭ್ಯಾಸ ಗೆಲಾಕ್ಸಿಗಳಲ್ಲಿ ನಿಲ್ಲುವುದಿಲ್ಲ, ಪ್ರಯೋಗಶಾಲೆಯ ರೀಡಿಂಗ್‌ಗೂ ಪರೀಕ್ಷೆಯ ಕೊಠಡಿಗೂ ಬರುತ್ತದೆ.

ಈಗ ಕೃತಕ ಬುದ್ಧಿಮತ್ತೆ ಬಂದಿದೆ, ಮನುಷ್ಯರ ಕಣ್ಣು ಯಾಕೆ ಬೇಕು ಎಂದು ಸಾಫ್ಟ್‌ವೇರ್ ಕೆಲಸದಲ್ಲಿರುವ ಪೋಷಕರೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. 2023ರ ಜುಲೈ 1ರಂದು ಹಾರಿದ ಯೂಕ್ಲಿಡ್ ಎಂಬ ಬಾಹ್ಯಾಕಾಶ ದೂರದರ್ಶಕದ ಚಿತ್ರಗಳನ್ನು ಮೊದಲು ಕಂಪ್ಯೂಟರೇ ಜರಡಿ ಹಿಡಿಯುತ್ತದೆ. ಆದರೆ ಅದೂ ಸುರುಳಿಗಳನ್ನು, ಉಂಗುರಗಳನ್ನು ಮಸೂರ ಎಂದು ತಂದಿಡುತ್ತದೆ. ಅದಕ್ಕೇ ಆ ಮೇಲೆ ಸ್ವಯಂಸೇವಕರು, ಅವರ ಮೇಲೆ ತಜ್ಞರು ನೋಡಿದರು. ಆಕಾಶದ 63 ಚದರ ಡಿಗ್ರಿ ಭಾಗದಲ್ಲಿ ಹೀಗೆ ಸುಮಾರು 500 ಮಸೂರಗಳಿರಬಹುದು ಎಂದು 2025ರ ಮಾರ್ಚ್‌ನಲ್ಲಿ ಪ್ರಕಟಿಸಿದರು. ಇರಬಹುದು ಎಂಬ ಪದವನ್ನು ಅವರೂ ಬಿಟ್ಟಿಲ್ಲ ನೋಡಿ. ಅದೇ ವರ್ಷ ಫೆಬ್ರವರಿಯಲ್ಲಿ ಬಂದ ಇನ್ನೊಂದು ಸುದ್ದಿ ನನಗೆ ಬಹಳ ಇಷ್ಟ. ಎನ್‌ಜಿಸಿ 6505 ಎಂಬ ಗೆಲಾಕ್ಸಿ 1884ರಿಂದಲೇ ಖಗೋಳ ವಿಜ್ಞಾನಿಗಳಿಗೆ ಗೊತ್ತಿತ್ತು. ಸುಮಾರು 59 ಕೋಟಿ ಜ್ಯೋತಿರ್ವರ್ಷ ದೂರ, ಈ ಲೆಕ್ಕದಲ್ಲಿ ಅದು ನಮ್ಮ ನೆರೆಯದೇ. ಅದರ ನಟ್ಟನಡುವಿನ ಸುತ್ತ 442 ಕೋಟಿ ಜ್ಯೋತಿರ್ವರ್ಷ ದೂರದ ಇನ್ನೊಂದು ಗೆಲಾಕ್ಸಿಯ ಬೆಳಕಿನ ಪೂರ್ತಿ ಉಂಗುರವಿತ್ತು. ಯೂಕ್ಲಿಡ್‌ನ ಪರೀಕ್ಷಾ ಚಿತ್ರಗಳನ್ನು ನೋಡುತ್ತಿದ್ದ ಬ್ರೂನೊ ಆಲ್ಟಿಯೇರಿ ಎಂಬ ವಿಜ್ಞಾನಿಯ ಕಣ್ಣಿಗೆ ಬೀಳುವವರೆಗೆ ಅದು ಯಾರಿಗೂ ಗೊತ್ತಿರಲಿಲ್ಲ. ಚಿತ್ರ ಅಷ್ಟೇನೂ ಸ್ಪಷ್ಟವಿರಲಿಲ್ಲ, ಆದರೂ ಅವರು ಅದನ್ನು ದಾಟಿ ಹೋಗಲಿಲ್ಲ.

ಸಾಮಾನ್ಯ ಜನರಿಗೆ ಸಿಗುವುದೇ ಇಲ್ಲ ಎಂದೂ ಅಲ್ಲ. 2014ರ ಜನವರಿಯಲ್ಲಿ ಬಿಬಿಸಿ ಟೀವಿಯ ಕಾರ್ಯಕ್ರಮವೊಂದರ ಜೊತೆ ಇದೇ ಸ್ಪೇಸ್ ವಾರ್ಪ್ಸ್ ನಡೆದಾಗ, ಮನೆಯಲ್ಲಿ ಕೂತು ನೋಡುತ್ತಿದ್ದ ಸ್ವಯಂಸೇವಕರು ಕೆಂಪು ಬಣ್ಣದ ಕಂಸವೊಂದನ್ನು ಗುರುತಿಸಿದರು. ಆಮೇಲೆ ಬೇರೆ ದೂರದರ್ಶಕಗಳಿಂದ, ರೇಡಿಯೊ ದೂರದರ್ಶಕಗಳಿಂದಲೂ ನೋಡಿ ಖಚಿತಪಡಿಸಿಕೊಂಡ ಮೇಲೆ ಅದು ವಿಜ್ಞಾನವಾಯಿತು. ಇದು ಮುಖ್ಯ. ಮೊದಲು ಗುರುತು, ಆಮೇಲೆ ಪರಿಶೀಲನೆ, ಕೊನೆಗೆ ಸುದ್ದಿ. ನಮ್ಮ ಊರಲ್ಲಿ ಸುದ್ದಿ ಮೊದಲು ಬಂದದ್ದರಿಂದ ಒಬ್ಬ ಹುಡುಗನಿಗೆ ನೋವಾಯಿತು.

ಆದ್ದರಿಂದ ಕೆಲವು ನಿಯಮಗಳನ್ನು ಮಾಡಿದ್ದೇವೆ. ಚಿತ್ರಗಳ ಪ್ರಿಂಟ್ ಇನ್ನು ಮನೆಗೆ ಬರುವುದಿಲ್ಲ. ಯಾರಿಗೆ ಏನು ಸಿಕ್ಕಿತು ಎಂದು ಪ್ರಾರ್ಥನೆಯ ವೇಳೆ ಹೆಸರು ಕರೆಯುವುದಿಲ್ಲ, ಇದಕ್ಕೆ ಬಹುಮಾನ, ಪ್ರಮಾಣಪತ್ರ ಯಾವುದೂ ಇಲ್ಲ. ಪ್ರತಿ ಮಗುವೂ ಒಂದು ನೋಟ್‌ಪುಸ್ತಕ ಇಟ್ಟು, ಅನುಮಾನ ಬಂದ ಚಿತ್ರವನ್ನು ಪೆನ್ಸಿಲ್‌ನಲ್ಲಿ ಬರೆದು, ಯಾಕೆ ಗುರುತು ಹಾಕಿದೆ ಅಥವಾ ಯಾಕೆ ಬಿಟ್ಟೆ ಎಂದು ಕನ್ನಡದಲ್ಲಿ ಎರಡು ಸಾಲು ಬರೆಯಬೇಕು. ಆ ಪುಸ್ತಕವನ್ನು ನೀವು ಯಾವಾಗ ಬೇಕಾದರೂ ಕೇಳಿ ನೋಡಬಹುದು. ಕೆಲವು ಮಕ್ಕಳು ಯಾಕೆ ಬಿಟ್ಟೆ ಎಂಬುದಕ್ಕೆ ಬರೆದ ಕಾರಣಗಳನ್ನು ಓದಿ ನನಗೆ ನಿಜಕ್ಕೂ ಸಂತೋಷವಾಯಿತು. ತರಗತಿ ನಿಲ್ಲಿಸಿ ಎಂಬ ಬೇಡಿಕೆಯನ್ನು ಒಪ್ಪಲು ಆಗುವುದಿಲ್ಲ. ಆದರೆ ನಿಮ್ಮ ಮಗು ಬೇಡ ಎಂದು ನಿಮಗೆ ಇನ್ನೂ ಅನಿಸಿದರೆ ಒತ್ತಾಯವಿಲ್ಲ, ಆ ಅವಧಿಯಲ್ಲಿ ಗ್ರಂಥಾಲಯದಲ್ಲಿ ಕೂರಬಹುದು.

ನಿಮ್ಮಿಂದ ಕೇಳುವುದು ಒಂದೇ: ಮಕ್ಕಳು ಗುರುತಿಸಿದ್ದನ್ನು ಯೋಜನೆಯವರು ಖಚಿತಪಡಿಸುವ ಮೊದಲು ಯಾವ ಗುಂಪಿಗೂ, ಸ್ಟೇಟಸ್‌ಗೂ, ಪತ್ರಿಕೆಗೂ ಕಳಿಸಬೇಡಿ.

ಪತ್ರದ ಕೆಳಗಿನ ಚೀಟಿಗೆ ಸಹಿ ಮಾಡಿ ಸೋಮವಾರ ಮಗುವಿನ ಕೈಯಲ್ಲಿ ಕಳಿಸಿಕೊಡಿ. ಮಕ್ಕಳ ಪಕ್ಕದಲ್ಲಿ ಕೂತು ಚಿತ್ರ ನೋಡಬೇಕು ಎನ್ನುವವರು ಯಾವ ಶನಿವಾರವಾದರೂ ಬನ್ನಿ, ಕೊಠಡಿಯಲ್ಲಿ ಕುರ್ಚಿಗಳು ಕಡಿಮೆ ಇರುವುದರಿಂದ ಹಿಂದಿನ ದಿನ ಕಚೇರಿಗೆ ಒಂದು ಮಾತು ತಿಳಿಸಿದರೆ ಸಾಕು.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ