ಒಂದು ಜೋಡಿ ಸ್ಪೈಕ್ಸ್, ಮೂರು ಹುಡುಗಿಯರು: ಉಡುಪಿಯಿಂದ ಒಂದು ಮನವಿ

ಮೊನ್ನೆ ಅಜ್ಜರಕಾಡು ಮೈದಾನದಲ್ಲಿ ನಡೆದದ್ದು ಇದು. 800 ಮೀಟರ್ ಮುಗಿಸಿದ ನಮ್ಮ ಹುಡುಗಿ ಏದುಸಿರು ಬಿಡುತ್ತಲೇ ಹುಲ್ಲಿನ ಮೇಲೆ ಕೂತು ಸ್ಪೈಕ್ಸ್, ಅಂದರೆ ಅಡಿಯಲ್ಲಿ ಮುಳ್ಳಿರುವ ಓಟದ ಶೂ, ಬಿಚ್ಚಿದಳು. ಇನ್ನೊಬ್ಬಳು ಅದನ್ನೇ ಹಾಕಿಕೊಂಡು, ದೊಡ್ಡದಾಯ್ತು ಅಂತ ಎರಡು ಜೊತೆ ಸಾಕ್ಸ್ ಏರಿಸಿ, 1500ಕ್ಕೆ ಓಡಿದಳು. ಒಳಗೆ ಇನ್ನೂ ಬಿಸಿ ಇತ್ತಂತೆ. ಮೂರನೆಯವಳ ಪಾಲಿಗೆ ಏನೂ ಉಳಿದಿರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಕಾದ ಸಿಂಥೆಟಿಕ್ ಟ್ರ್ಯಾಕಿನಲ್ಲಿ ಬರಿಗಾಲಲ್ಲಿ ಓಡಿದಳು, ಸಂಜೆ ನೋಡಿದರೆ ಪಾದದಲ್ಲಿ ರೂಪಾಯಿ ನಾಣ್ಯದಷ್ಟು ದೊಡ್ಡ ಬೊಕ್ಕೆ.

ಈ ಮಕ್ಕಳಿಗೆ ಓಟ ಕಲಿಸುವುದು ನಮ್ಮ ಟೀಚರ್. ಹೆಸರು ಹಾಕಬೇಡಿ ಅಂತ ಅವರೇ ಹೇಳಿದ್ದು, ಹಾಗಾಗಿ ಹಾಕುತ್ತಿಲ್ಲ. ಬರೆಯುತ್ತಿರುವ ನಾನೂ ಅವರ ಹಳೆಯ ಶಿಷ್ಯನೇ, ದೊಡ್ಡ ಓಟಗಾರನೇನೂ ಆಗಲಿಲ್ಲ, ಈಗ ಬ್ಯಾಂಕಿನಲ್ಲಿ ಕೂತಿದ್ದೇನೆ.

ಟೀಚರ್ ಎಂಬತ್ತರ ದಶಕದಲ್ಲಿ 800 ಮೀಟರ್ ಓಡುತ್ತಿದ್ದವರು. ರಾಜ್ಯ ತಂಡದವರೆಗೂ ಹೋಗಿದ್ದರು. ಆಮೇಲೆ ಮೊಣಕಾಲಿನ ಕೆಳಗೆ ನೋವು ಶುರುವಾಯಿತು. ಎಣ್ಣೆ ಹಚ್ಚಿ ಓಡು, ಸರಿಯಾಗುತ್ತೆ ಅಂದರು ಸುತ್ತ ಇದ್ದವರು. ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ ಅಂತ ಗೊತ್ತಾಗುವಷ್ಟರಲ್ಲಿ ಎರಡು ಸೀಸನ್ ಹೋಗಿತ್ತು, ಓಟವೂ ಅಲ್ಲಿಗೇ ನಿಂತಿತು. ಅದಕ್ಕೇ ಈಗ ಯಾರಾದರೂ ಕಾಲು ಎಳೆಯುತ್ತಾ ಬಂದರೆ ಟೀಚರ್ ಸೀದಾ ಮನೆಗೆ ಕಳಿಸುತ್ತಾರೆ. "ಎಂತ ಅವಸರ ಮಾರಾಯ್ತಿ, ಟ್ರ್ಯಾಕ್ ಎಲ್ಲಿಗೂ ಓಡಿ ಹೋಗುದಿಲ್ಲ."

ಓಟ ಬಿಟ್ಟ ಮೇಲೆ ಒಂದು ಅನುದಾನರಹಿತ ಶಾಲೆಯಲ್ಲಿ ಪಿ.ಟಿ. ಟೀಚರ್ ಆದರು. ಆವತ್ತಿನಿಂದ ಬೆಳಿಗ್ಗೆ ಐದೂವರೆಗೆ ಮೈದಾನದಲ್ಲಿ ಇರುವುದು ತಪ್ಪಿಲ್ಲ. ಕೈಯಲ್ಲಿ ಅಕ್ಷರ ಅಳಿಸಿ ಹೋದ ಸ್ಟಾಪ್‌ವಾಚ್, ಕಂಕುಳಲ್ಲಿ ನೋಟ್‌ಬುಕ್. ಅದರಲ್ಲಿ ಪ್ರತಿ ಮಗುವಿನ ಒಂದೊಂದು ಸುತ್ತಿನ ಲೆಕ್ಕ. ಮೊದಲ ಸುತ್ತು 72 ಸೆಕೆಂಡ್, ಎರಡನೆಯದು 79 ಅಂತ ಇದ್ದರೆ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ "ಆಸೆ ಜಾಸ್ತಿ" ಅಂತ ಬರೆದಿರುತ್ತಾರೆ! 800ರಲ್ಲಿ ಹೆಚ್ಚಿನವರು ಕೆಡುವುದೇ ಅಲ್ಲಿ ಅಲ್ವಾ, ಮೊದಲ ಸುತ್ತು ಹಾರಿಕೊಂಡು ಹೋಗಿ, 600 ದಾಟಿದ ಮೇಲೆ ಕಾಲು ಕಲ್ಲಾಗುವುದು.

ಹೊಸ ಮಕ್ಕಳಿಗೆ ಅವರು ಮೊದಲು ಹೇಳುವುದು ಭಾರತದ 800 ಮೀಟರ್ ಓಟಗಾರ್ತಿ ಶೈನಿ ಅಬ್ರಹಾಂ ಕಥೆ. 800ರಲ್ಲಿ ಮೊದಲ ತಿರುವು ಮುಗಿಯುವವರೆಗೆ ಅವರವರ ಲೇನಿನಲ್ಲೇ ಓಡಬೇಕು, ಗುರುತಿನ ಗೆರೆ ದಾಟಿದ ಮೇಲೆ ಮಾತ್ರ ಒಳಗೆ ಬರಬಹುದು. 1986ರ ಸೋಲ್ ಏಷ್ಯನ್ ಗೇಮ್ಸ್‌ನಲ್ಲಿ ಶೈನಿ ಮುಂದಿದ್ದರೂ ಗೆರೆಗೆ ಮೊದಲೇ ಲೇನ್ ಬಿಟ್ಟರೆಂದು ಅನರ್ಹರಾದರು. ಅದೇ ಶೈನಿ 1995ರಲ್ಲಿ ಚೆನ್ನೈಯಲ್ಲಿ 1 ನಿಮಿಷ 59.85 ಸೆಕೆಂಡಿನಲ್ಲಿ 800 ಓಡಿದರು. ಒಂಬತ್ತು ವರ್ಷ ಮಧ್ಯೆ. ಕಥೆ ಮುಗಿಸಿ ಟೀಚರ್ ಶಾಲೆಯ ಮಣ್ಣಿನ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು, ಅದರ ಮೇಲೆ ತೆಂಗಿನ ಗೆರಟೆ ಕವುಚಿ ಇಡುತ್ತಾರೆ. ಗೆರಟೆ ದಾಟುವ ಮುಂಚೆ ಒಳಗೆ ನುಗ್ಗಿದವರಿಗೆ ಇನ್ನೊಂದು ಸುತ್ತು.

ಈಗ ವಿಷಯಕ್ಕೆ ಬರುತ್ತೇನೆ. ಟೀಚರ್ ಕಳೆದ ವರ್ಷ ನಿವೃತ್ತರಾದರು. ಪಿಂಚಣಿ ಇಲ್ಲ. ಇಷ್ಟು ವರ್ಷ ಮಕ್ಕಳ ಮೊಟ್ಟೆ, ಬಾಳೆಹಣ್ಣು, ಬಸ್ ಚಾರ್ಜು ಎಲ್ಲ ಅವರ ಸಂಬಳದಿಂದಲೇ ಹೋಗುತ್ತಿತ್ತು, ನಮಗದು ಗೊತ್ತಾದದ್ದೇ ಈಗ, ನಾಚಿಕೆಯಾಗುತ್ತದೆ. ಸದ್ಯ 24 ಮಕ್ಕಳಿದ್ದಾರೆ. ಹೆಚ್ಚಿನವರ ಅಪ್ಪಂದಿರು ಮಲ್ಪೆಯಲ್ಲಿ ಬೋಟಿಗೆ ಹೋಗುವವರು, ಅಮ್ಮಂದಿರು ಬೀಡಿ ಕಟ್ಟುವವರು. ಭಾನುವಾರ ಸಮುದ್ರ ಇಳಿತವಿದ್ದಾಗ ಮಲ್ಪೆಯ ಒದ್ದೆ ಮರಳಲ್ಲೇ ಓಟ, ಅದಕ್ಕೆ ಖರ್ಚಿಲ್ಲ ನೋಡಿ. ಉಳಿದದ್ದಕ್ಕೆಲ್ಲ ಉಂಟು.

12 ಜೋಡಿ ಸ್ಪೈಕ್ಸ್‌ಗೆ ಜೋಡಿಗೆ 3,500ರಂತೆ 42,000 ರೂಪಾಯಿ. ಅಭ್ಯಾಸ ಮುಗಿದ ಮೇಲೆ ಮೊಟ್ಟೆ, ನೆಲಗಡಲೆ, ಬಾಳೆಹಣ್ಣು ಕೊಡಲು ಮಗುವಿಗೆ ದಿನಕ್ಕೆ 20 ರೂಪಾಯಿ ಹಿಡಿದರೂ 24 ಮಕ್ಕಳಿಗೆ 25 ದಿನದ ಲೆಕ್ಕದಲ್ಲಿ ತಿಂಗಳಿಗೆ 12,000, ಮಳೆಗಾಲ ಬಿಟ್ಟು ಎಂಟು ತಿಂಗಳಿಗೆ 96,000. ಬೆಂಗಳೂರು, ಮೈಸೂರು ಕೂಟಗಳಿಗೆ ಹೋಗಿ ಬರಲು 30,000. ಒಟ್ಟು 1,68,000. ನಾವು ಹಳೆ ವಿದ್ಯಾರ್ಥಿಗಳು ಸೇರಿ 40,000 ಹಾಕಿದ್ದೇವೆ. ಬೇಕಾಗಿರುವುದು 1,28,000. ಟೀಚರ್‌ಗೆ ಗೌರವಧನ ಅಂತಲೂ ಯೋಚಿಸಿದ್ದೆವು, ಕೇಳಿದ್ದೇ ತಡ ಬೈದು ಕಳಿಸಿದರು.

ನೂರು ರೂಪಾಯಿ ಕೊಟ್ಟರೂ ಒಂದು ಮಗುವಿನ ಐದು ದಿನದ ತಿಂಡಿ ಆಯಿತು, ಸಣ್ಣ ಮೊತ್ತ ಅಂತ ಸಂಕೋಚ ಬೇಡ. ನಮ್ಮ ಟ್ರಸ್ಟ್ ಹೊಸದು, 80ಜಿ ಇನ್ನೂ ಸಿಕ್ಕಿಲ್ಲ, ತೆರಿಗೆ ರಿಯಾಯಿತಿ ಬೇಕಾದವರಿಗೆ ಮೊದಲೇ ಹೇಳಿಬಿಡುತ್ತೇನೆ. ರಶೀದಿ ಖಂಡಿತ ಕೊಡುತ್ತೇವೆ, ಅಂಗಡಿ ಬಿಲ್ ಸಮೇತ ತಿಂಗಳ ಲೆಕ್ಕವನ್ನೂ ಕಳಿಸುತ್ತೇವೆ. ಒಂದು ಸಂದೇಶ ಹಾಕಿದರೆ ಖಾತೆ ವಿವರ ತಲುಪಿಸುತ್ತೇವೆ. ಕೊಡುವ ಮುಂಚೆ ನೋಡಬೇಕು ಅನಿಸಿದರೆ ಬೆಳಿಗ್ಗೆ ಆರಕ್ಕೆ ಅಜ್ಜರಕಾಡಿಗೆ ಬನ್ನಿ, ನೋಟ್‌ಬುಕ್ ಹಿಡಿದು ಕೂಗುತ್ತಿರುವವರು ಯಾರೋ ಅವರೇ ಟೀಚರ್.

ದುಡ್ಡೇ ಆಗಬೇಕೆಂದಿಲ್ಲ. ನಿಮ್ಮ ಮನೆಯ ಮಕ್ಕಳು ಓಟ ಬಿಟ್ಟು ಹಳೆ ಸ್ಪೈಕ್ಸ್ ಅಟ್ಟದ ಮೇಲೆ ಸುಮ್ನೆ ಬಿದ್ದಿದ್ದರೆ ಕೊಡಿ. 4, 5, 6 ಸೈಜ್ ತುರ್ತಾಗಿ ಬೇಕು. ಮುಳ್ಳು ಸವೆದಿದ್ದರೂ ಪರವಾಗಿಲ್ಲ, ತಿರುಗಿಸಿ ಬಿಚ್ಚಿ ಹೊಸತು ಹಾಕಬಹುದು.