6/6 ಬಂದರೆ ಸಾಕೇ?

ಮಾನ್ಯರೇ,

ಕಣ್ಣು ಪರೀಕ್ಷೆ ಮಾಡಿಸಿಕೊಂಡು ಬಂದವರನ್ನು ಏನಾಯಿತು ಎಂದು ಕೇಳಿ ನೋಡಿ. 6/6 ಇದೆಯಂತೆ, ಇನ್ನೇನು ತೊಂದರೆ ಎನ್ನುತ್ತಾರೆ. ನನಗೆ ಚಿಂತೆ ಇರುವುದು ಇದರ ಬಗ್ಗೆಯೇ. ಸಾಮಾನ್ಯ ಕಣ್ಣು 6 ಮೀಟರ್ ದೂರದಿಂದ ಓದುವ ಅಕ್ಷರವನ್ನು ನೀವೂ ಅಷ್ಟೇ ದೂರದಿಂದ ಓದಿದಿರಿ, 6/6 ಎಂದರೆ ಅಷ್ಟೇ. 6/18 ಬಂದಿದ್ದರೆ, ಬೇರೆಯವರು 18 ಮೀಟರ್‌ನಿಂದ ಓದುವುದನ್ನು ನೀವು 6 ಮೀಟರ್‌ಗೆ ಬಂದು ಓದಬೇಕು. ಕಣ್ಣಿನ ಒಳಗಿನ ನರ ಹೇಗಿದೆ ಎಂದು ಈ ಅಂಕಿ ಹೇಳುವುದಿಲ್ಲ.

ಗ್ಲಾಕೋಮಾ ಶುರುವಾದವರಿಗೂ 6/6 ಬರಬಹುದು. ಅದರಲ್ಲಿ ಕಣ್ಣಿನ ನರ ನಿಧಾನವಾಗಿ ಹಾಳಾಗುತ್ತದೆ, ಸಾಮಾನ್ಯವಾಗಿ ಮೊದಲು ಪಕ್ಕದ ನೋಟ ಕಮ್ಮಿಯಾಗುತ್ತದೆ, ಎದುರಿನದು ಚೆನ್ನಾಗಿಯೇ ಕಾಣುತ್ತಿರುವುದರಿಂದ ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ. ಹೋದ ನೋಟ ವಾಪಸ್ ಬರುವುದಿಲ್ಲ. ಡ್ರಾಪ್ಸ್ ಹಾಕುವುದು ಉಳಿದದ್ದನ್ನು ಕಾಪಾಡಲು, ಹಾಗಾಗಿ ಏನೂ ಸುಧಾರಿಸಲಿಲ್ಲ ಎಂದು ಸುಮ್ನೆ ನಿಲ್ಲಿಸಬೇಡಿ. ಪೊರೆಯ ವಿಷಯ ಬೇರೆ. ಅಲ್ಲಿ ಮಂಜಾಗುವುದು ಕಣ್ಣಿನೊಳಗಿನ ಲೆನ್ಸ್. ಆಪರೇಷನ್ ಮಾಡಿ ಬೇರೆ ಲೆನ್ಸ್ ಕೂರಿಸಿದರೆ ಸಾಮಾನ್ಯವಾಗಿ ಮತ್ತೆ ಚೆನ್ನಾಗಿ ಕಾಣುತ್ತದೆ. ವಯಸ್ಸಾದವರ ಕಣ್ಣು ಮಂಜಾದರೆ ಎಲ್ಲವೂ ಪೊರೆ ಎಂದುಕೊಂಡು, ಬಲಿಯಲಿ ಬಿಡಿ ಎಂದು ಕಾಯುವುದು ಅಪಾಯ. ಪೊರೆಯೇ ಆಗಿದ್ದರೂ ಈಗ ಬಲಿಯುವವರೆಗೆ ಕಾಯಬೇಕಾಗಿಲ್ಲ.

ಶುಗರ್ ಇದ್ದವರಂತೂ ಕನ್ನಡಕದ ನಂಬರ್ ನೋಡಿಸಿಕೊಂಡು ಬಂದುಬಿಡಬಾರದು. ವರ್ಷಕ್ಕೊಮ್ಮೆಯಾದರೂ ಡ್ರಾಪ್ಸ್ ಹಾಕಿಸಿ, ಪಾಪೆ ದೊಡ್ಡದಾದ ಮೇಲೆ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪದರ, ನೋಡಿಸಿಕೊಳ್ಳಬೇಕು. ಕೆಲವು ಗಂಟೆ ಕಣ್ಣು ಮಂಜಾಗಿರುತ್ತದೆ, ಬೆಳಕು ಚುಚ್ಚುತ್ತದೆ, ಆಮೇಲೆ ತಾನೇ ಸರಿಹೋಗುತ್ತದೆ.

ಇನ್ನು ಕನ್ನಡಕದ ಚೀಟಿ. ಮೈನಸ್ ಇದ್ದರೆ ದೂರದ್ದು ಮಂಜು. ಪ್ಲಸ್ ಇದ್ದರೆ ಹೆಚ್ಚಾಗಿ ಹತ್ತಿರದ್ದಕ್ಕೆ ಕಷ್ಟ. ಸಿಲಿಂಡರ್ ಎಂದರೆ ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲ, ಆ ಪವರ್ ಅನ್ನು ಯಾವ ಕೋನಕ್ಕೆ ಕೂರಿಸಬೇಕು ಎಂಬುದೇ ಆಕ್ಸಿಸ್. ನಲವತ್ತರ ಆಸುಪಾಸಿನಲ್ಲಿ ಓದಲು ಬೇಕಾಗುವ ಹೆಚ್ಚಿನ ಪವರ್ ಆಡ್. ಇಷ್ಟನ್ನು ಹೇಳಲು ಎರಡು ನಿಮಿಷ ಸಾಕು ಅಲ್ವಾ? ವೈದ್ಯರು ದಯವಿಟ್ಟು ಚೀಟಿ ಕೊಡುವಾಗಲೇ ಹೇಳಲಿ. ಹೇಳದಿದ್ದರೆ ನಾವೇ ಕೇಳಬೇಕು, ನರ ಹೇಗಿದೆ, ಕಣ್ಣಿನ ಒಳಗಿನ ಪ್ರೆಷರ್ ಎಷ್ಟಿದೆ, ರೆಟಿನಾ ನೋಡಿದಿರಾ ಎಂದು.

ಒಂದು ಮಾತ್ರ ಮುಂದಿನ ಪರೀಕ್ಷೆಗೆ ಎಂದು ಇಟ್ಟುಕೊಳ್ಳುವಂಥದ್ದಲ್ಲ. ಇದ್ದಕ್ಕಿದ್ದಂತೆ ಕಣ್ಣಲ್ಲಿ ಮಿಂಚು ಹೊಡೆದಂತಾದರೆ, ಕಪ್ಪು ಚುಕ್ಕೆಗಳು ಒಮ್ಮೆಲೇ ಜಾಸ್ತಿಯಾದರೆ, ಪರದೆ ಇಳಿದ ಹಾಗೆ ಒಂದು ಬದಿ ಮುಚ್ಚಿಕೊಂಡರೆ, ನೋವಿಲ್ಲ ಎಂದು ಸುಮ್ಮನಿರದೆ ಅದೇ ದಿನ ಕಣ್ಣಿನ ವೈದ್ಯರ ಹತ್ತಿರ ಹೋಗಿ.

– ಒಬ್ಬ ಓದುಗ